ಮದುವೆಯ ಕೆಲಸ ಯಾರಿಗೆ ಒಪ್ಪಿಸೋಣ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣಕ್ಕಾಗಿ ಹುಟ್ಟಿದ ಸಂಘದ ಸಭೆಯಲ್ಲಿ ಮದುವೆ ಹಾಲ್, ಕೇಟರಿಂಗ್ ಎಂದೆಲ್ಲ ಮಾತನಾಡುವುದೇಕೆ ಎಂದು ತಮಗೆ ಅನಿಸಬಹುದು. ಕಾರಣ ಸರಳ. ನಮ್ಮಂತಹ ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳ ಕಾಲೇಜು ಶುಲ್ಕವೂ ಮದುವೆಯ ಖರ್ಚೂ ಬರುವುದು ಒಂದೇ ಚೀಲದಿಂದ. ಅಕ್ಕನ ಮದುವೆಗೆ ಮಾಡಿದ ಸಾಲ ತೀರದೆ ತಮ್ಮನ ಓದು ಪಿಯುಸಿಗೇ ನಿಂತ ಮನೆಗಳು ನಮ್ಮ ಕಣ್ಣೆದುರಿಗೇ ಇವೆ. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ಮಕ್ಕಳೊಂದಿಗೆ ಕುಳಿತು ಮಾತನಾಡಿದವರಿಗೆ ಇದು ಚೆನ್ನಾಗಿ ಗೊತ್ತು.

ವರದಕ್ಷಿಣೆಯ ವಿಷಯ ಇಂತಹ ವೇದಿಕೆಗಳಲ್ಲಿ ಬಹಳ ಸಲ ಚರ್ಚೆಯಾಗಿದೆ. ಅದು ಅಧರ್ಮ, 1961ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಇಂದು ನಾನು ಹೇಳಹೊರಟಿರುವುದು ಅದಕ್ಕಿಂತ ಚಿಕ್ಕದಾಗಿ ಕಾಣುವ, ಆದರೆ ಸದ್ದಿಲ್ಲದೆ ಹಣ ಸೋರಿಹೋಗುವ ಇನ್ನೊಂದು ವಿಷಯ. ಮದುವೆಯ ಕೆಲಸಕ್ಕೆ ನಾವು ಹಣ ಕೊಟ್ಟು ಗೊತ್ತುಮಾಡುವ ಜನರನ್ನು ಆರಿಸುವುದು ಹೇಗೆ ಎಂಬುದು.

ಒಂದು ಕಾಲವಿತ್ತು. ನಮ್ಮ ಕರಾವಳಿಯಲ್ಲಿ ಮದುವೆ ಮನೆಯಂಗಳದಲ್ಲೇ ನಡೆಯುತ್ತಿತ್ತು. ತೆಂಗಿನ ಮಡಲಿನ ಚಪ್ಪರ, ಜಮಾಅತಿನ ಪಾತ್ರೆಗಳು, ಹಿಂದಿನ ರಾತ್ರಿಯೇ ಬಂದು ಈರುಳ್ಳಿ ಕೊಯ್ಯುವ ನೆರೆಹೊರೆಯವರು. ಇಂದು ಅಂಗಳ ಚಿಕ್ಕದಾಗಿದೆ, ಕುಟುಂಬವೂ ಚಿಕ್ಕದಾಗಿದೆ. ಒಬ್ಬ ಮಗ ದುಬೈಯಲ್ಲಿ, ಇನ್ನೊಬ್ಬ ರಿಯಾದ್‌ನಲ್ಲಿ, ಅಳಿಯ ಬೆಂಗಳೂರಿನಲ್ಲಿ. ರಜೆಯ ಮೂವತ್ತು ದಿನಗಳೊಳಗೆ ಮದುವೆ ಮುಗಿಯಬೇಕು. ಹೀಗಿರುವಾಗ ಹೊರಗಿನವರ ನೆರವು ಪಡೆಯುವುದು ಆಡಂಬರವೇನಲ್ಲ, ಅನಿವಾರ್ಯ. ಅದನ್ನು ಟೀಕಿಸಲು ನಾನಿಲ್ಲಿ ನಿಂತಿಲ್ಲ. ಆದರೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ತೀರ್ಮಾನವನ್ನು ಒಪ್ಪಿಸಬಾರದು. ನನ್ನ ಇಂದಿನ ಮಾತಿನ ಸಾರವೇ ಇದು.

ಯಾವ ತೀರ್ಮಾನಗಳು? ಒಟ್ಟು ಎಷ್ಟು ಖರ್ಚು ಮಾಡುವುದು, ಎಷ್ಟು ಜನರನ್ನು ಕರೆಯುವುದು, ಯಾವ ದಿನ ಮಾಡುವುದು. ಇವು ಮೂರನ್ನೂ ಮನೆಯವರು ಕುಳಿತು ಕಾಗದದ ಮೇಲೆ ಬರೆದ ನಂತರವೇ ಹಾಲ್‌ನವರಿಗಾಗಲಿ ಕೇಟರಿಂಗ್‌ನವರಿಗಾಗಲಿ ಫೋನ್ ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗ. ಮೊದಲು ದೊಡ್ಡ ಹಾಲ್ ಗೊತ್ತಾಗುತ್ತದೆ, ಹಾಲ್ ತುಂಬಬೇಕಲ್ಲ ಎಂದು ಕರೆಯೋಲೆಗಳು ಹೆಚ್ಚುತ್ತವೆ, ಅಷ್ಟು ಜನ ಬರುವಾಗ ವೇದಿಕೆ ಚೆನ್ನಾಗಿರಬೇಕಲ್ಲ ಎಂದು ಅಲಂಕಾರ ಏರುತ್ತದೆ. ಕೊನೆಗೆ ಖರ್ಚನ್ನು ನಿರ್ಧರಿಸಿದವರು ಯಾರು ಎಂದು ಕೇಳಿದರೆ ಮನೆಯ ಯಜಮಾನರ ಬಳಿ ಉತ್ತರವಿರುವುದಿಲ್ಲ.

ನಿಖಾಹ್‌ಗೆ ಬೇಕಾದುದು ಏನು ಎಂಬುದನ್ನು ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ವಲಿ, ಸಾಕ್ಷಿಗಳು, ಮಹ್ರ್, ಈಜಾಬ್ ಕಬೂಲ್. ಇದರಲ್ಲಿ ಯಾವುದಕ್ಕೂ ಈವೆಂಟ್ ಮ್ಯಾನೇಜರ್ ಬೇಕಾಗಿಲ್ಲ. ವಲೀಮಾ ಸುನ್ನತ್ತು, ಅದೂ ಅವರವರ ಶಕ್ತಿಯಿದ್ದಷ್ಟು. ಉಳಿದದ್ದೆಲ್ಲ ನಮ್ಮ ಆಯ್ಕೆ. ಆಯ್ಕೆ ಎಂದ ಮೇಲೆ ಬೇಡ ಎನ್ನುವ ಸ್ವಾತಂತ್ರ್ಯವೂ ನಮಗಿದೆ.

ದಿನದ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ನಮಗೆ ಮುಹೂರ್ತದ ಕಟ್ಟುಪಾಡಿಲ್ಲ. ಒಳ್ಳೆಯ ಮುಹೂರ್ತವಿರುವ ದಿನಗಳಲ್ಲಿ ಹಾಲ್‌ಗೂ ಬೇಡಿಕೆ, ಅಡುಗೆಯವರಿಗೂ ಬೇಡಿಕೆ, ಹೂವಿಗೂ ಬೇಡಿಕೆ. ತುಳುನಾಡಿನಲ್ಲಿ ಆಟಿ ತಿಂಗಳು ಬಂದರೆ ಅದೇ ಹಾಲ್‌ಗಳು ಖಾಲಿ. ಮಳೆಗಾಲ ಬೇಡವೆಂದರೆ ಮುಹೂರ್ತವಿಲ್ಲದ ಒಂದು ಬುಧವಾರವನ್ನೋ ಗುರುವಾರವನ್ನೋ ನೋಡಿಕೊಳ್ಳಬಹುದು. ‘ಭಾನುವಾರ ಬಿಟ್ಟು ಬೇರೆ ದಿನವಾದರೆ ಎಷ್ಟು?’ ಎಂದು ಕೇಳುವ ಒಂದು ಪ್ರಶ್ನೆಗೆ ಖರ್ಚಿಲ್ಲ. ನಾವೋ, ಶಾಲೆಗೆ ರಜೆ, ಗಲ್ಫಿನವರ ರಜೆ ಎಂದು ಎಲ್ಲರೂ ಏಪ್ರಿಲ್, ಮೇ ತಿಂಗಳ ಅದೇ ಭಾನುವಾರಗಳಿಗೆ ಮುಗಿಬೀಳುತ್ತೇವೆ.

ಇನ್ನು ಜನರ ಆಯ್ಕೆ. ನೆರವು ಪಡೆಯಲು ಎರಡು ದಾರಿಗಳಿವೆ. ಒಂದು, ಎಲ್ಲವನ್ನೂ ಒಬ್ಬರಿಗೇ ವಹಿಸುವುದು. ಇವರೇ ಈವೆಂಟ್ ಮ್ಯಾನೇಜ್‌ಮೆಂಟ್‌ನವರು. ಹಾಲ್, ಊಟ, ವೇದಿಕೆ, ದೀಪ, ಫೋಟೋ ಎಲ್ಲವನ್ನೂ ಅವರೇ ಗೊತ್ತುಮಾಡುತ್ತಾರೆ. ಇನ್ನೊಂದು, ಹಾಲ್ ಬೇರೆ, ಅಡುಗೆ ಬೇರೆ, ಶಾಮಿಯಾನ ಬೇರೆ ಎಂದು ನಾವೇ ಒಬ್ಬೊಬ್ಬರನ್ನು ಹಿಡಿಯುವುದು. ಮನೆಯಲ್ಲಿ ಓಡಾಡುವ ಇಬ್ಬರು ಇದ್ದರೆ ಎರಡನೆಯ ದಾರಿ ಅಗ್ಗ. ಮನೆಯವರೆಲ್ಲ ವಿದೇಶದಲ್ಲಿದ್ದರೆ ಮೊದಲನೆಯದು ನೆಮ್ಮದಿ. ಆದರೆ ಮೊದಲನೆಯ ದಾರಿ ಹಿಡಿದವರು ಒಂದು ಮಾತು ಕೇಳಲೇಬೇಕು: ‘ನಿಮ್ಮ ಸಂಭಾವನೆ ಹೇಗೆ? ನಾವು ಕೊಡುವ ಶುಲ್ಕ ಮಾತ್ರವೋ, ಅಥವಾ ಹಾಲ್‌ನವರಿಂದ, ಅಡುಗೆಯವರಿಂದ ನಿಮಗೆ ಕಮಿಷನ್ ಇದೆಯೋ?’ ಕಮಿಷನ್ ಪಡೆಯುವುದು ತಪ್ಪೆಂದಲ್ಲ. ಆದರೆ ಹೆಚ್ಚು ಖರ್ಚಾದಷ್ಟೂ ಹೆಚ್ಚು ಆದಾಯ ಬರುವ ವ್ಯಕ್ತಿ ನಮಗೆ ಮಿತವ್ಯಯದ ಸಲಹೆ ಕೊಡಲಾರ. ಇದನ್ನು ತಿಳಿದೇ ವ್ಯವಹರಿಸಬೇಕು.

ಒಬ್ಬರನ್ನು ಒಪ್ಪುವ ಮುಂಚೆ ಅವರ ಮೊಬೈಲ್‌ನಲ್ಲಿರುವ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಅವರು ಕೆಲಸ ಮಾಡಿದ ಎರಡು ಮೂರು ಮನೆಗಳವರನ್ನು ಕೇಳಿ. ‘ಚೆನ್ನಾಗಿತ್ತೇ?’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಹಾಗೆ ಕೇಳದೆ, ‘ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ವ್ಯತ್ಯಾಸವೆಷ್ಟು? ಕೊನೆಯ ಪಂಕ್ತಿಗೆ ಮಾಂಸ ಸಾಕಾಯಿತೇ? ಮಾತಾಡಿಹೋದ ಯಜಮಾನ ಮದುವೆಯ ದಿನ ಖುದ್ದಾಗಿ ಬಂದಿದ್ದನೇ?’ ಎಂದು ಕೇಳಿ. ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರ ಆಲ್ಬಮ್‌ಗಿಂತ ಹೆಚ್ಚು ಹೇಳುತ್ತದೆ.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಣವೂ ಅಪಾಯವೂ ಹೆಚ್ಚಿರುವುದು ಅಲ್ಲಿಯೇ. ಕೇಟರಿಂಗ್‌ನವರು ತಲೆಗೆ ಇಷ್ಟು ಎಂದು ಹೇಳುತ್ತಾರೆ. ಅದರ ಜೊತೆ ಕನಿಷ್ಠ ಇಷ್ಟು ತಲೆಗೆ ಗ್ಯಾರಂಟಿ ಕೊಡಿ ಎನ್ನುತ್ತಾರೆ. ಲೆಕ್ಕಕ್ಕಾಗಿ ತಲೆಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು 1000 ಜನಕ್ಕೆ ಗ್ಯಾರಂಟಿ ಕೊಟ್ಟಿರಿ, ಬಂದವರು 800. ಉಣ್ಣದ 200 ಎಲೆಗೆ ನೀವು ತೆತ್ತದ್ದು 60,000 ರೂಪಾಯಿ. ಒಂದು ಮಗುವಿನ ಓದಿಗೆ ಆ ಹಣ ಎಷ್ಟು ದೂರ ಬರುತ್ತಿತ್ತು ಎಂದು ಇಲ್ಲಿರುವ ಪೋಷಕರು ಲೆಕ್ಕ ಹಾಕಿಕೊಳ್ಳಲಿ. ಆದ್ದರಿಂದ ಗ್ಯಾರಂಟಿಯನ್ನು ಕಡಿಮೆ ಇಟ್ಟು, ಹೆಚ್ಚು ಜನ ಬಂದರೆ ಅದೇ ದರದಲ್ಲಿ ಇಷ್ಟರವರೆಗೆ ಬಡಿಸಬೇಕು ಎಂದು ಮಾತಾಡಿಕೊಳ್ಳುವುದು ಜಾಣತನ. ಅಂತಿಮ ಸಂಖ್ಯೆ ಯಾವ ದಿನದೊಳಗೆ ತಿಳಿಸಬೇಕು, ತಲೆ ಎಣಿಸುವವರು ಯಾರು, ತಟ್ಟೆಯನ್ನು ಎಣಿಸುವುದೋ ಜನರನ್ನು ಎಣಿಸುವುದೋ ಎಂಬುದೂ ಮೊದಲೇ ತೀರ್ಮಾನವಾಗಬೇಕು. ಚಿಕ್ಕ ಮಕ್ಕಳ ಲೆಕ್ಕ, ಚಾಲಕರ ಊಟ, ಬಡಿಸುವವರ ಊಟ ಇವುಗಳ ಬಗ್ಗೆಯೇ ಕೊನೆಗೆ ಜಗಳವಾಗುವುದು. ಬಿರಿಯಾನಿಗೆ ಎಷ್ಟು ಕಿಲೋ ಅಕ್ಕಿಗೆ ಎಷ್ಟು ಕಿಲೋ ಮಾಂಸ ಎಂದು ಕೇಳದೆ ಬರೀ ದರವನ್ನು ಹೋಲಿಸಿದರೆ ಅಗ್ಗದ್ದು ಅಗ್ಗವಾಗಿಯೇ ಇರುತ್ತದೆ ಎಂಬ ಭರವಸೆಯಿಲ್ಲ.

ಆರೋಗ್ಯದ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಕೇಟರಿಂಗ್ ನಡೆಸುವವರು ನೋಂದಣಿ ಅಥವಾ ಲೈಸೆನ್ಸ್ ಪಡೆದಿರಬೇಕು. ಅದಕ್ಕೆ 14 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಒಂದು ದಿನ ಅವರ ಅಡುಗೆ ಸ್ಥಳಕ್ಕೆ ಹೋಗಿ ಬನ್ನಿ. ನೀರು ಎಲ್ಲಿಂದ ಬರುತ್ತದೆ, ಹಸಿ ಮಾಂಸ ಎಲ್ಲಿಡುತ್ತಾರೆ, ಕೈ ತೊಳೆಯಲು ಸಾಬೂನು ಇದೆಯೇ ಎಂದು ನೋಡಿದರೆ ಸಾಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇಡಬಾರದು, ಇಡಲೇಬೇಕಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮದುವೆಗಳಲ್ಲಿ ಬೆಳಿಗ್ಗೆ ಇಳಿಸಿದ ಪಾತ್ರೆ ವರನ ಕಡೆಯವರು ಬರುವ ತನಕ ಮಧ್ಯಾಹ್ನ ಮೂರು ಗಂಟೆಗೂ ಕಾಯುತ್ತದೆ. ತಡಮಾಡಿದವರು ನಾವು, ಬೈಗುಳ ಅಡುಗೆಯವನಿಗೆ. ಊಟದ ಸಮಯ ಎಂದು ಕರೆಯೋಲೆಯಲ್ಲಿ ಬರೆದದ್ದನ್ನು ನಾವೂ ಪಾಲಿಸಬೇಕು. ಕಬಾಬಿನ ಜೊತೆ ಕೊಡುವ ಮಯೊನೈಸ್ ಬಗ್ಗೆಯೂ ಎಚ್ಚರವಿರಲಿ. ಹಸಿ ಮೊಟ್ಟೆಯಿಂದ ಮಾಡುವ ಮಯೊನೈಸನ್ನು ನೆರೆಯ ಕೇರಳ 2023ರಲ್ಲಿ ನಿಷೇಧಿಸಿತು.

ಹಾಲ್ ಆರಿಸುವಾಗ ನಾವು ನೋಡುವುದು ಗೊಂಚಲು ದೀಪ, ಎ.ಸಿ. ಮತ್ತು ವೇದಿಕೆ. ನೋಡಬೇಕಾದದ್ದು ಬಾಗಿಲುಗಳು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪವೊಂದರಲ್ಲಿ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮದುಮಗನೂ ಒಬ್ಬ. ಬೆಂಕಿ ಹಬ್ಬಿದ್ದು ಅಲ್ಲಿ ಹಾಕಿದ್ದ ಓಲೆಯ ಚಪ್ಪರದಿಂದ. ಅದಕ್ಕೂ ಮುಂಚೆ, 1995ರ ಡಿಸೆಂಬರಿನಲ್ಲಿ, ಹರಿಯಾಣದ ದಬ್ವಾಲಿಯ ಮದುವೆ ಹಾಲ್ ಒಂದರಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ತಗಲಿ 400ಕ್ಕೂ ಹೆಚ್ಚು ಜನ, ಅದರಲ್ಲಿ ಬಹುಪಾಲು ಮಕ್ಕಳು, ಪ್ರಾಣ ಕಳೆದುಕೊಂಡರು. ಆದ್ದರಿಂದ ಹಾಲ್ ನೋಡಲು ಹೋದಾಗ ಹೊರಹೋಗುವ ದಾರಿ ಎಷ್ಟಿವೆ, ಅವು ಮದುವೆಯ ದಿನ ಬೀಗ ಹಾಕದೆ ತೆರೆದಿರುತ್ತವೆಯೇ, ಮಹಿಳೆಯರ ವಿಭಾಗ ಮೇಲಂತಸ್ತಿನಲ್ಲಿದ್ದರೆ ಎರಡನೆಯ ಮೆಟ್ಟಿಲಿದೆಯೇ, ಗ್ಯಾಸ್ ಸಿಲಿಂಡರುಗಳು ಎಲ್ಲಿರುತ್ತವೆ, ಬೆಂಕಿ ಆರಿಸುವ ಸಲಕರಣೆಯ ಅವಧಿ ಮುಗಿದಿದೆಯೇ ಎಂದು ನೋಡಿ. ಅಲಂಕಾರದವರು ಬಟ್ಟೆ ಕಟ್ಟಿ ಬಾಗಿಲನ್ನೇ ಮುಚ್ಚಿಬಿಡುವುದುಂಟು. ಅದಕ್ಕೆ ಅವಕಾಶ ಕೊಡಬೇಡಿ. ವುಝೂ ಮಾಡಲು ನೀರು, ನಮಾಝ್‌ಗೆ ಜಾಗ, ವೃದ್ಧರಿಗೆ ಮೆಟ್ಟಿಲಿಲ್ಲದ ದಾರಿ, ಕರೆಂಟ್ ಹೋದರೆ ಜನರೇಟರಿನ ಡೀಸೆಲ್ ಖರ್ಚು ಯಾರದ್ದು ಎಂಬುದನ್ನೂ ಅಲ್ಲಿಯೇ ಕೇಳಿಬಿಡಿ. ಹಾಲ್‌ನವರು ವಧೂವರರ ವಯಸ್ಸಿನ ದಾಖಲೆ ಕೇಳಿದರೆ ಬೇಸರಿಸಬೇಡಿ. ಬಾಲ್ಯವಿವಾಹಕ್ಕೆ ನೆರವಾದವರಿಗೂ 2006ರ ಕಾಯಿದೆಯಲ್ಲಿ ಶಿಕ್ಷೆಯಿದೆ.

ಫೋಟೋ ಮತ್ತು ವಿಡಿಯೋ ವಿಷಯ ನಮ್ಮ ಸಹೋದರಿಯರಿಗೆ ಮುಖ್ಯವಾದದ್ದು. ಮಹಿಳೆಯರ ವಿಭಾಗಕ್ಕೆ ಮಹಿಳಾ ಛಾಯಾಗ್ರಾಹಕಿಯನ್ನು ಕೇಳಿದರೆ ಸಾಲದು. ಅವರು ತೆಗೆದ ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಜೋಡಿಸುವವರು ಯಾರು, ಆ ಚಿತ್ರಗಳು ಎಷ್ಟು ದಿನ ಅವರ ಬಳಿ ಇರುತ್ತವೆ, ಅವನ್ನು ಅವರು ಜಾಹೀರಾತಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆಯೇ ಎಂದು ಕೇಳಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ಹಣ ಕೊಟ್ಟು ತೆಗೆಸಿದವರೇ. ಆದ್ದರಿಂದ ಅವರು ಕೊಡುವ ಮುದ್ರಿತ ರಶೀದಿಯ ಹಿಂಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬೇಡಿ. ‘ಬೇರೆ ಒಪ್ಪಂದ’ ಅಡಗಿರುವುದು ಅಲ್ಲಿಯೇ.

ಇದು ನನ್ನನ್ನು ಬರವಣಿಗೆಯ ವಿಷಯಕ್ಕೆ ತರುತ್ತದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದರ ಬಗ್ಗೆ ಎಂದು ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ಸೂರಃ ಅಲ್ ಬಕರಃದ 282ನೇ ಆಯತ್, ಅವಧಿ ಗೊತ್ತುಮಾಡಿದ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ನಿಖಾಹ್ ಎಂಬುದೂ ಒಂದು ಕರಾರು. ಮಹ್ರ್ ಎಷ್ಟೆಂದು ಮಸೀದಿಯ ಪುಸ್ತಕದಲ್ಲಿ ಬರೆದು, ಸಾಕ್ಷಿಗಳ ಸಹಿ ಪಡೆಯುವ ನಾವು, ಅದೇ ದಿನ ಸಾವಿರ ಜನರ ಊಟಕ್ಕೆ ಲಕ್ಷಗಟ್ಟಲೆ ಹಣವನ್ನು ಬರೀ ಬಾಯಿಮಾತಿನಲ್ಲಿ ಕೊಡುತ್ತೇವೆ. ‘ನಮ್ಮವರೇ ಅಲ್ವಾ, ಬರೆಸಿಕೊಂಡರೆ ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಇಬ್ಬರ ನೆನಪಿಗೂ ರಕ್ಷಣೆ.

ದೊಡ್ಡ ಕಾಗದಪತ್ರ ಬೇಕಾಗಿಲ್ಲ. ಒಂದು ಹಾಳೆಯಲ್ಲಿ ದಿನಾಂಕ, ಸಮಯ, ಏನೇನು ಕೊಡುತ್ತಾರೆ, ಒಟ್ಟು ಮೊತ್ತ, ತೆರಿಗೆ ಸೇರಿದೆಯೇ ಇಲ್ಲವೇ, ಮುಂಗಡ ಎಷ್ಟು, ಉಳಿದದ್ದು ಯಾವಾಗ, ಮದುವೆ ಮುಂದಕ್ಕೆ ಹೋದರೆ ಅಥವಾ ನಿಂತರೆ ಮುಂಗಡದ ಗತಿಯೇನು, ಅವರೇ ಕೈಕೊಟ್ಟರೆ ಏನು ಪರಿಹಾರ, ಇಷ್ಟಿದ್ದರೆ ಸಾಕು. 2020ರಲ್ಲಿ ಕೋವಿಡ್ ಬಂದು ಮದುವೆಗೆ 50 ಜನರ ಮಿತಿ ಹಾಕಿದಾಗ, ಮುಂಗಡ ಕೊಟ್ಟವರು ಎಷ್ಟು ಮನೆಗಳಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತರು ಎಂಬುದು ನೆನಪಿದೆ. ಮುಂಗಡವನ್ನು ಒಂದೇ ಸಲ ದೊಡ್ಡದಾಗಿ ಕೊಡಬೇಡಿ. ಗೊತ್ತುಮಾಡುವಾಗ ಸ್ವಲ್ಪ, ವಾರದ ಮುಂಚೆ ಸ್ವಲ್ಪ, ಕೆಲಸ ಮುಗಿದು ಲೆಕ್ಕ ನೋಡಿದ ಮೇಲೆ ಉಳಿದದ್ದು. ಸಾಧ್ಯವಾದಷ್ಟೂ ಬ್ಯಾಂಕಿನ ಮೂಲಕ ಕೊಡಿ, ಬಿಲ್ ಪಡೆಯಿರಿ. ಬಿಲ್ ಬೇಡವಾದರೆ ಸ್ವಲ್ಪ ಕಡಿಮೆ ಎಂದು ಹೇಳುವವರಿದ್ದಾರೆ. ಅಲ್ಲಿ ಉಳಿಸಿದ ಹಣ, ನಾಳೆ ತಕರಾರಾದರೆ ಕೈಯಲ್ಲಿ ಪುರಾವೆಯಿಲ್ಲದೆ ಹೋಗುವುದಕ್ಕೆ ತೆತ್ತ ಬೆಲೆ.

ತಕರಾರಾದರೆ ಏನು ಮಾಡುವುದು? ಮೊದಲು ಕುಳಿತು ಮಾತಾಡಿ, ಹಿರಿಯರನ್ನು ಮಧ್ಯೆ ಇಟ್ಟುಕೊಳ್ಳಿ. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಹಣ ಪಡೆದು ಮಾಡುವ ಸೇವೆಯಲ್ಲಿ ಕೊರತೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವೂ ಇಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿಯೂ ಸಲಹೆ ಕೇಳಬಹುದು. ‘ಮುಂಗಡ ವಾಪಸಿಲ್ಲ’ ಎಂದು ರಶೀದಿಯಲ್ಲಿ ಅಚ್ಚಾಗಿದ್ದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮು, ಕರಾರು ಮುರಿದಾಗ ಸಲ್ಲಬೇಕಾದದ್ದು ಸಮಂಜಸವಾದ ಪರಿಹಾರ ಎನ್ನುತ್ತದೆ. ಬರೆದಿಟ್ಟ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ.

ಮದುವೆಯ ದಿನ ಹುಡುಗಿಯ ತಂದೆ ಜನರೇಟರಿನ ಹಿಂದೆ ಓಡಬಾರದು. ಮನೆಯ ಒಬ್ಬ ಜವಾಬ್ದಾರಿಯುತ ವ್ಯಕ್ತಿಯನ್ನು, ಚಿಕ್ಕಪ್ಪನೋ ಸೋದರಮಾವನೋ, ಎಲ್ಲ ಕೆಲಸದವರೂ ಕೇಳಬೇಕಾದ ಒಬ್ಬನೇ ವ್ಯಕ್ತಿ ಎಂದು ಗೊತ್ತುಮಾಡಿ, ಅವರ ಹೆಸರನ್ನೂ ಫೋನನ್ನೂ ಎಲ್ಲರಿಗೂ ಕೊಡಿ. ಹತ್ತು ಜನ ಹತ್ತು ಆಜ್ಞೆ ಕೊಟ್ಟರೆ ಎಂತಹ ನಿಪುಣನೂ ಎಡವುತ್ತಾನೆ. ಉಳಿದ ಒಳ್ಳೆಯ ಊಟ ಎಲ್ಲಿಗೆ ಹೋಗಬೇಕು ಎಂಬುದೂ ಮುಂಚಿತವಾಗಿ ಗೊತ್ತಿರಲಿ. ಸಂಜೆ ನಾಲ್ಕಕ್ಕೆ ಹಾಸ್ಟೆಲ್‌ಗಳಿಗೆ ಫೋನ್ ಮಾಡಿದರೆ ಅಷ್ಟರಲ್ಲಿ ಅದು ಹಳಸಿರುತ್ತದೆ.

ಈಗ ವಿದ್ಯಾರ್ಥಿ ಮಿತ್ರರಿಗೆ ಎರಡು ಮಾತು. ನಿಮ್ಮಲ್ಲಿ ಹಲವರು ಭಾನುವಾರ ಕೇಟರಿಂಗ್‌ಗೆ ಬಡಿಸಲು ಹೋಗಿ ಪುಸ್ತಕದ ಖರ್ಚು ಸಂಪಾದಿಸುತ್ತೀರಿ. ಅದು ಗೌರವದ ದುಡಿಮೆ. ನಿಮ್ಮನ್ನು ‘ಏ ಹುಡುಗಾ’ ಎಂದು ಕರೆಯುವವರಿಗಿಂತ ಸಣ್ಣವರು ನೀವಲ್ಲ. ಆದರೆ ಹಿರಿಯರೇ, ನಾವು ದರದಲ್ಲಿ ಹಿಂಡಿ ಹಿಂಡಿ ಇಳಿಸಿದ ಹತ್ತು ರೂಪಾಯಿ ಕೆಲವು ಸಲ ಕಡಿತವಾಗುವುದು ಈ ಮಕ್ಕಳ ಕೂಲಿಯಿಂದ ಎಂಬುದನ್ನು ಮರೆಯಬಾರದು. ಬಡಿಸುವವರಿಗೆ ಅಂದೇ ಕೂಲಿ ಸಿಗುತ್ತದೆಯೇ, ಕೊನೆಯಲ್ಲಿ ಬಿಸಿ ಊಟ ಸಿಗುತ್ತದೆಯೇ ಎಂದು ಕೇಟರಿಂಗ್‌ನವರನ್ನು ಕೇಳಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಪಾತ್ರೆ ತೊಳೆಯುತ್ತಿದ್ದರೆ ಅದು ಕಾನೂನಿಗೂ ವಿರುದ್ಧ, ನಮ್ಮ ಸಂಘದ ಉದ್ದೇಶಕ್ಕೂ ವಿರುದ್ಧ.

ಕಾಮರ್ಸ್ ಮತ್ತು ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು ಈ ವೃತ್ತಿಗೆ ಬರುವುದಾದರೆ ಧಾರಾಳವಾಗಿ ಬನ್ನಿ. ಲೆಕ್ಕ ತೆರೆದಿಟ್ಟು, ಬರೆದುಕೊಟ್ಟು, ಹೇಳಿದ ಸಮಯಕ್ಕೆ ಕೆಲಸ ಮುಗಿಸುವವರಿಗೆ ನಮ್ಮ ಊರುಗಳಲ್ಲಿ ಕೆಲಸದ ಕೊರತೆಯಾಗದು.

ಕೊನೆಯದಾಗಿ ಸಂಘದ ಮುಂದೆ ಒಂದು ವಿನಂತಿ. ನಮ್ಮಲ್ಲಿ ವಕೀಲರಿದ್ದಾರೆ, ಅಕೌಂಟೆಂಟರಿದ್ದಾರೆ, ಕಾನೂನು ಓದುವ ವಿದ್ಯಾರ್ಥಿಗಳಿದ್ದಾರೆ. ನಾನು ಹೇಳಿದ ಆ ಒಂದು ಹಾಳೆಯ ಕರಾರುಪತ್ರವನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ, ಅಚ್ಚು ಹಾಕಿಸಿ, ಎಲ್ಲ ಜಮಾಅತುಗಳಿಗೆ ಕೊಡೋಣ. ನಿಖಾಹ್ ದಿನಾಂಕ ಬರೆಸಲು ಬರುವ ಮನೆಯವರ ಕೈಗೆ ಅದು ಸಿಗಲಿ. ಸಂಘದ ಹೆಸರಿನ ಹಾಳೆ ಇದ್ದರೆ ‘ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚವೂ ಉಳಿಯದು, ಏಕೆಂದರೆ ಎಲ್ಲರೂ ಬರೆಸಿಕೊಳ್ಳುವುದು ಪದ್ಧತಿಯಾಗುತ್ತದೆ. ಮುಂದಿನ ವಾರ್ಷಿಕ ಸಭೆಯೊಳಗೆ ಇದೊಂದು ಕೆಲಸ ಆಗಲಿ ಎಂದು ಕೇಳಿಕೊಳ್ಳುತ್ತೇನೆ.